ರಾಣಿಯ ಪಾತ್ರ ಯಾರಿಗೆ?



ಪ್ರತಿ ವರ್ಷ ಈ ಸಂಚಿಕೆಯ ಕನ್ನಡ ಪುಟಗಳಿಗೆ ನಾವೊಂದು ಲೇಖನ ಬರೆಯುವುದು ರೂಢಿ. ಮಾತೃಭಾಷೆಯ ಮಹತ್ವ, ಹಬ್ಬಗಳ ಹಿನ್ನೆಲೆ, ಊರಿನ ನೆನಪು, ಹೀಗೆ ಏನಾದರೊಂದು. ಈ ಸಲ ಅದನ್ನೆಲ್ಲ ಬದಿಗಿಟ್ಟು ನಾವೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತಿದ್ದೇವೆ. ತಪ್ಪು ಒಪ್ಪಿಕೊಂಡರೆ ಶಿಕ್ಷಕರು ಮಕ್ಕಳ ಕಣ್ಣಲ್ಲಿ ಚಿಕ್ಕವರಾಗುತ್ತಾರೆ ಎನ್ನುವವರಿದ್ದಾರೆ. ನಾವು ಹಾಗೆ ತಿಳಿದಿಲ್ಲ.

ಅದು ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚುವ ದಿನ. ಐದರಿಂದ ಎಂಟನೇ ತರಗತಿಯವರೆಗೆ ಕನ್ನಡ ತೆಗೆದುಕೊಂಡ ಮಕ್ಕಳೆಲ್ಲ ಸಂಗೀತದ ಕೊಠಡಿಯಲ್ಲಿ ಸೇರಿದ್ದರು. ಒಬ್ಬ ರಾಜ, ಒಬ್ಬಳು ರಾಣಿ, ಮಂತ್ರಿ, ಸೇವಕಿಯರು, ಒಬ್ಬ ರಾಕ್ಷಸ, ನಾಲ್ಕು ಮರಗಳು. ನಾವು ಎಂದಿನಂತೆ ಮಕ್ಕಳ ಮುಖ ನೋಡುತ್ತ 'ನೀನು ರಾಣಿ, ನೀನು ಸೇವಕಿ, ನೀನು ರಾಕ್ಷಸ' ಎಂದು ಹತ್ತು ನಿಮಿಷದಲ್ಲಿ ಹಂಚಿ ಮುಗಿಸಿದೆವು. ಗಂಟೆ ಹೊಡೆಯಿತು. ಎಲ್ಲರೂ ಓಡಿದರು. ಆರನೇ ತರಗತಿಯ ಒಬ್ಬ ಹುಡುಗಿ ಮಾತ್ರ ಹಿಂದೆ ಉಳಿದಳು. ಕನ್ನಡವನ್ನು ತಡವರಿಸದೆ ಓದುವ, ಒತ್ತಕ್ಷರ ತಪ್ಪದ ಹುಡುಗಿ. ಚೀಲದ ಪಟ್ಟಿ ತಿರುವುತ್ತ ಮೆಲ್ಲಗೆ ಕೇಳಿದಳು: "ಮಿಸ್, ಮುಂದಿನ ವರ್ಷ ನಾನು ಪೌಡರ್ ಜಾಸ್ತಿ ಹಚ್ಕೊಂಡು ಬಂದ್ರೆ ರಾಣಿ ಪಾರ್ಟು ಕೊಡ್ತೀರಾ?"

"ಹಾಗೇನಿಲ್ಲ ಪುಟ್ಟಿ, ಪಾತ್ರಕ್ಕೂ ಬಣ್ಣಕ್ಕೂ ಏನು ಸಂಬಂಧ?" ಎಂದು ಹೇಳಿ ಕಳಿಸಿದೆವು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮರುದಿನ ಬಿಡುವಿನ ವೇಳೆಯಲ್ಲಿ ಭಾಷಾ ವಿಭಾಗದ ನಾವು ಮೂವರು ಕುಳಿತು ಹಿಂದಿನ ವಾರ್ಷಿಕೋತ್ಸವಗಳ ಫೋಟೋ ಆಲ್ಬಮ್‌ಗಳನ್ನು ತೆಗೆದೆವು. ರಾಣಿಯರು, ರಾಜಕುಮಾರಿಯರು, ಭಾರತಮಾತೆ, ಕನ್ನಡಾಂಬೆ, ಅತಿಥಿಗಳಿಗೆ ಹೂಗುಚ್ಛ ಕೊಟ್ಟವರು ಎಂದು ಒಂದು ಹಾಳೆಯಲ್ಲಿ ಗೀಟು ಹಾಕುತ್ತ ಹೋದೆವು. ಇನ್ನೊಂದು ಹಾಳೆಯಲ್ಲಿ ರಾಕ್ಷಸರು, ಕಳ್ಳರು, ಸೇವಕಿಯರು, ಮರಗಳು. ಮೊದಲನೆಯ ಹಾಳೆಯಲ್ಲಿ ಕಪ್ಪು ಮೈಬಣ್ಣದ ಮಗು ಒಂದೂ ಇರಲಿಲ್ಲ. ಎರಡನೆಯದರಲ್ಲಿ ಹೆಚ್ಚಿನವರು ಅವರೇ.

ನಮ್ಮಲ್ಲಿ ಯಾರೂ 'ಕಪ್ಪಗಿರುವವರಿಗೆ ಒಳ್ಳೆಯ ಪಾತ್ರ ಬೇಡ' ಎಂದು ಒಂದು ದಿನವೂ ಹೇಳಿದವರಲ್ಲ, ಯೋಚಿಸಿದವರೂ ಅಲ್ಲ. ನಮ್ಮನ್ನು ನಿಲ್ಲಿಸಿ ಕೇಳಿದ್ದರೆ 'ನಮಗೆ ಎಲ್ಲ ಮಕ್ಕಳೂ ಒಂದೇ' ಎಂದು ಎದೆ ತಟ್ಟಿ ಹೇಳುತ್ತಿದ್ದೆವು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೂ ಆ ಎರಡು ಹಾಳೆ ಮೇಜಿನ ಮೇಲೆ ಇದ್ದವು. ಎಣಿಸುವವರೆಗೆ ನಮಗೆ ಕಾಣದಿದ್ದದ್ದು ಎಣಿಸಿದ ಮೇಲೆ ಕಂಡಿತು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಈ ಒಂದು ಸಂಗತಿಯನ್ನೇ. ಅನ್ಯಾಯವನ್ನು ಎಣಿಸಿ ತೋರಿಸುವ ವಿದ್ಯೆಯೊಂದಿದೆ. ಅದರ ಹೆಸರು ಸಮಾಜ ವಿಜ್ಞಾನ. ನಮ್ಮ ಮನೆಗಳಲ್ಲಿ 'ಬಾಯಿಪಾಠದ ಸಬ್ಜೆಕ್ಟ್' ಎಂದು ಪರೀಕ್ಷೆಯ ಹಿಂದಿನ ರಾತ್ರಿಗೆ ತಳ್ಳುವ ಆ ವಿಷಯಕ್ಕೆ ಅದಕ್ಕಿಂತ ದೊಡ್ಡ ಸ್ಥಾನ ಸಲ್ಲಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದಲ್ಲಿ ಸಿಗುತ್ತದೆ. ಅದು ನಾಲ್ಕು ಗೊಂಬೆಗಳ ಕಥೆ.

ಕಳೆದ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು ಶಾಲೆ. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 'ಬೇರೆ ಬೇರೆ ಇಟ್ಟರೂ ಸಮಾನವಾಗಿದ್ದರೆ ತಪ್ಪಿಲ್ಲ' ಎಂಬ ಅರ್ಥದ ತೀರ್ಪು ಕೊಟ್ಟಿತ್ತು. ಬೇರೆ ಇಡುವುದು ಚಾಚೂ ತಪ್ಪದೆ ನಡೆಯಿತು, ಸಮಾನತೆ ಕಾಗದದಲ್ಲಿ ಉಳಿಯಿತು. ದಕ್ಷಿಣ ಕೆರೊಲಿನಾ ರಾಜ್ಯದ ಕ್ಲಾರೆಂಡನ್ ಎಂಬ ಜಿಲ್ಲೆಯಲ್ಲಿ ಬಿಳಿಯ ಮಕ್ಕಳಿಗೆ ಶಾಲಾ ಬಸ್ಸುಗಳಿದ್ದವು. ಕಪ್ಪು ಮಕ್ಕಳು ಮೈಲುಗಟ್ಟಲೆ ನಡೆಯಬೇಕಿತ್ತು. 1947ರಲ್ಲಿ ಅಲ್ಲಿನ ಒಬ್ಬ ಕಪ್ಪು ರೈತ ಬಸ್ಸಿಗಾಗಿ ಅರ್ಜಿ ಹಾಕಿದ. ತಂದೆತಾಯಿಗಳೇ ಸೇರಿ ಹಳೆಯ ಬಸ್ಸೊಂದನ್ನು ಕೊಂಡಿದ್ದರು. ಅದು ಕೆಟ್ಟು ನಿಂತಾಗ ರಿಪೇರಿಗೂ ಪೆಟ್ರೋಲಿಗೂ ನೆರವು ಕೇಳಿದರೆ ಸಿಗಲಿಲ್ಲ. ಬೆಳಗ್ಗೆ ಮನೆಯ ಕೆಳಗೇ ಎಸಿ ಬಸ್ಸು ಬಂದು ನಿಲ್ಲುವ ನಮ್ಮ ಮಕ್ಕಳು ಇದನ್ನು ಒಂದು ಕ್ಷಣ ಊಹಿಸಿಕೊಳ್ಳಲಿ. ಮುಂದೆ ಸಮಾನ ಸೌಲಭ್ಯ ಬೇಕೆಂದು ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಎಂಬ ತಂದೆ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು, ಅವರ ಪತ್ನಿಯ ಕೆಲಸವೂ ಹೋಯಿತು. ಆದರೆ ಮೊಕದ್ದಮೆ ನಿಲ್ಲಲಿಲ್ಲ.

ಈ ಮೊಕದ್ದಮೆಗೆ ಸಾಕ್ಷಿ ನುಡಿಯಲು ಬಂದವರು ಕೆನೆತ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ. ಅವರು ಮತ್ತು ಅವರ ಪತ್ನಿ ಮೇಮಿ ಕ್ಲಾರ್ಕ್ ಇಬ್ಬರೂ ಕಪ್ಪು ಜನಾಂಗದವರು. ಸಂಶೋಧನೆಯ ಬೀಜ ಮೇಮಿ ಅವರ ಎಂ.ಎ. ಪ್ರಬಂಧದಲ್ಲಿತ್ತು. ಅನೇಕ ಪಠ್ಯಗಳು ಪತಿಯ ಹೆಸರನ್ನಷ್ಟೇ ಹೇಳಿ ಮುಗಿಸುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ಅವರ ಪ್ರಯೋಗ ಬಹಳ ಸರಳ. ನಾಲ್ಕು ಗೊಂಬೆ. ಅಚ್ಚು ಒಂದೇ, ಗಾತ್ರ ಒಂದೇ. ಎರಡಕ್ಕೆ ಬಿಳಿ ಮೈ, ಹಳದಿ ಕೂದಲು. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದರು: ನಿನಗೆ ಆಡಲು ಇಷ್ಟವಾದ ಗೊಂಬೆ ಕೊಡು. ಒಳ್ಳೆಯ ಗೊಂಬೆ ಕೊಡು. ಕೆಟ್ಟದಾಗಿ ಕಾಣುವ ಗೊಂಬೆ ಕೊಡು. ಕೊನೆಯಲ್ಲಿ, ನಿನ್ನ ಹಾಗೆ ಇರುವ ಗೊಂಬೆ ಕೊಡು.

1947ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೂರಕ್ಕೆ 67 ಮಕ್ಕಳು ಆಡಲು ಬಿಳಿಯ ಗೊಂಬೆಯನ್ನೇ ಆರಿಸಿದರು. ನೂರಕ್ಕೆ 59 ಮಕ್ಕಳು ಕಂದು ಗೊಂಬೆಯನ್ನು ತೋರಿಸಿ 'ಇದು ಕೆಟ್ಟದು' ಎಂದರು. ಆ ಮೇಲೆ 'ನಿನ್ನ ಹಾಗೆ ಇರುವ ಗೊಂಬೆ ಯಾವುದು?' ಎಂಬ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತರು. ಒಂದು ನಿಮಿಷದ ಹಿಂದೆ ಕೆಟ್ಟದು ಎಂದು ಬೆರಳು ಮಾಡಿದ ಗೊಂಬೆಯನ್ನೇ ಈಗ 'ಇದು ನಾನು' ಎಂದು ಎತ್ತಿಕೊಡಬೇಕು. ಮೂರು ವರ್ಷದ ಮಗುವಿಗೆ ಇದನ್ನು ಯಾರು ಕಲಿಸಿದರು? ಪಾಠ ಮಾಡಿ ಕಲಿಸಿದವರು ಯಾರೂ ಇಲ್ಲ. ಬಸ್ಸು ಕಲಿಸಿತು, ಶಾಲೆಯ ಗೋಡೆ ಕಲಿಸಿತು, ದೊಡ್ಡವರ ಮೌನ ಕಲಿಸಿತು.

ಕ್ಲಾರೆಂಡನ್ ಜಿಲ್ಲೆಯ ಮೊಕದ್ದಮೆ ಮತ್ತು ಬೇರೆ ನಾಲ್ಕು ಮೊಕದ್ದಮೆಗಳು ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಹೋದವು. 1954ರ ಮೇ 17ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ, ಮಕ್ಕಳನ್ನು ಜನಾಂಗದ ಆಧಾರದ ಮೇಲೆ ಬೇರ್ಪಡಿಸಿದ ಶಾಲೆಗಳು ಎಂದಿಗೂ ಸಮಾನವಾಗಲಾರವು ಎಂದರು. 'ಬ್ರೌನ್ ಮೊಕದ್ದಮೆ' ಎಂದು ಪ್ರಸಿದ್ಧವಾದ ಆ ತೀರ್ಪಿನ 11ನೆಯ ಅಡಿಟಿಪ್ಪಣಿಯಲ್ಲಿ ಮೊದಲು ಬರುವುದು ಕೆನೆತ್ ಕ್ಲಾರ್ಕ್ ಅವರ ಬರಹದ ಉಲ್ಲೇಖ. ಸಮಾಜ ವಿಜ್ಞಾನಿಗಳ ಸಂಶೋಧನೆ ಒಂದು ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನಲ್ಲಿ ಜಾಗ ಪಡೆಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಗೊಂಬೆಯ ಪ್ರಯೋಗಕ್ಕೆ ಆಕ್ಷೇಪಣೆಗಳೂ ಬಂದವು. ಬೆರೆತ ಶಾಲೆಗಳಿದ್ದ ಉತ್ತರದ ಮಕ್ಕಳು ಬಿಳಿಯ ಗೊಂಬೆಯನ್ನು ಇಷ್ಟಪಟ್ಟದ್ದು ದಕ್ಷಿಣದ ಮಕ್ಕಳಿಗಿಂತ ಸ್ವಲ್ಪ ಹೆಚ್ಚೇ: ಅಲ್ಲಿ ನೂರಕ್ಕೆ 72, ಇಲ್ಲಿ ನೂರಕ್ಕೆ 62. 'ಹಾಗಾದರೆ ಬೇರೆ ಶಾಲೆಯೇ ಕಾರಣ ಎಂದು ಹೇಗೆ ಹೇಳುತ್ತೀರಿ?' ಎಂದು ವಿಮರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಶಾಲೆ ಒಂದೇ ಕಾರಣವಲ್ಲ, ಬೀದಿ, ಪತ್ರಿಕೆ, ಸಿನಿಮಾ, ಮನೆ ಎಲ್ಲವೂ ಸೇರಿ ಮಗುವಿನ ಮನಸ್ಸಿನಲ್ಲಿ ಬರೆಯುತ್ತವೆ ಎಂಬುದು ಆ ಅಂಕಿಗಳಿಂದ ನಮಗೆ ತಿಳಿಯುವ ಸಂಗತಿ. ಆದರೆ ಆಕ್ಷೇಪಣೆ ಎತ್ತಿದವರಿಗೂ ಆ ಅಂಕಿಗಳು ಸಿಕ್ಕಿದ್ದು ಕ್ಲಾರ್ಕ್ ದಂಪತಿ ತಮಗೆ ಅನುಕೂಲವಲ್ಲದ್ದನ್ನೂ ಅಚ್ಚು ಮಾಡಿದ್ದರಿಂದ ಎಂಬುದನ್ನು ಮಕ್ಕಳು ಗಮನಿಸಬೇಕು. ಬರಿಯ ಭಾಷಣಕ್ಕೂ ವಿಜ್ಞಾನಕ್ಕೂ ಇರುವ ವ್ಯತ್ಯಾಸ ಅದೇ.

'ಅದು ಅಮೆರಿಕದ ಕಥೆ, ನಮಗೇಕೆ?' ಎಂದು ಕೆಲವರು ಕೇಳಬಹುದು. ಹಾಗಾದರೆ ಉತ್ತರ ಪ್ರದೇಶಕ್ಕೆ ಬನ್ನಿ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಅಲ್ಲಿನ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ 642 ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಮಕ್ಕಳ ಪತ್ರಿಕೆಗಳಲ್ಲಿ 'ಮೊಲಕ್ಕೆ ಕ್ಯಾರೆಟ್ಟಿನ ದಾರಿ ತೋರಿಸಿ' ಎಂದು ಬರುತ್ತದಲ್ಲ, ಆ ಬಗೆಯದು. ಬಿಡಿಸಿದ ಪ್ರತಿ ಒಗಟಿಗೆ ಒಂದು ರೂಪಾಯಿ ಬಹುಮಾನ. ಅರ್ಧದಷ್ಟು ಹುಡುಗರು 'ಮೇಲ್ಜಾತಿ' ಎನಿಸಿಕೊಂಡವರು, ಅರ್ಧದಷ್ಟು 'ಕೆಳಜಾತಿ' ಎನಿಸಿಕೊಂಡವರು. ಜಾತಿಯ ಮಾತೇ ಎತ್ತದೆ ಒಗಟು ಕೊಟ್ಟಾಗ ಎರಡೂ ಗುಂಪಿನವರು ಸರಿಸಮನಾಗಿ ಬಿಡಿಸಿದರು. ಬೇರೆ ತಂಡಗಳಲ್ಲಿ, ಒಗಟು ಕೊಡುವ ಮೊದಲು ಪ್ರತಿ ಹುಡುಗನ ಹೆಸರು, ಊರು, ತಂದೆಯ ಹೆಸರು, ಅಜ್ಜನ ಹೆಸರು, ಜಾತಿ ಇಷ್ಟನ್ನು ಎಲ್ಲರೆದುರು ಓದಿ ಹೇಳಲಾಯಿತು. ಆಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕುಸಿಯಿತು. ಹುಡುಗರ ಬುದ್ಧಿ ಅಷ್ಟೇ, ಪೆನ್ಸಿಲ್ ಅದೇ, ಒಗಟು ಅದೇ ಬಗೆಯದು. ನಡುವೆ ಬಂದದ್ದು ಒಂದು ವಾಕ್ಯ. 2006ರಲ್ಲಿ ಇದು ಅರ್ಥಶಾಸ್ತ್ರದ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು.

ಶಿಕ್ಷಕರಾದ ನಾವು ಇದನ್ನು ಓದಿದಾಗ ತರಗತಿಯಲ್ಲಿ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. 'ನಿಮ್ಮ ಅಣ್ಣನೂ ಹೀಗೇ ದಡ್ಡ ಇದ್ದ.' 'ಹುಡುಗಿಯರಿಗೆ ಲೆಕ್ಕ ಹತ್ತುವುದಿಲ್ಲ.' 'ನೀನು ಕಾಣುತ್ತಿಲ್ಲ, ಸ್ವಲ್ಪ ನಗು, ಹಲ್ಲಾದರೂ ಕಾಣಲಿ.' ಈ ಕೊನೆಯದನ್ನು ಗ್ರೂಪ್ ಫೋಟೋ ತೆಗೆಯುವಾಗ ತಮಾಷೆಗೆಂದು ಎಷ್ಟು ಸಲ ಹೇಳಿಲ್ಲ ನಾವು! ಮಕ್ಕಳೂ ನಗುತ್ತಾರೆ, ಯಾರಿಗೆ ಹೇಳಿದೆವೋ ಆ ಮಗುವೂ ನಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಕಲಿಸುವವರು ನಾವೇ.

ಅಂಥ ಮಕ್ಕಳು ಹೇಗೋ ಓದಿ ಮುಂದೆ ಬಂದರು ಎಂದುಕೊಳ್ಳೋಣ. ಆಮೇಲೆ ಎಲ್ಲವೂ ಅಂಕಪಟ್ಟಿಯ ಮೇಲೆಯೇ ನಿರ್ಧಾರವಾಗುತ್ತದೆಯೇ? ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಮರಿಯಾನ್ ಬರ್ಟ್ರಾಂಡ್ ಮತ್ತು ತಮಿಳುನಾಡಿನಲ್ಲಿ ಹುಟ್ಟಿದ ಸೆಂಧಿಲ್ ಮುಲ್ಲೈನಾಥನ್ ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು ಐದು ಸಾವಿರ ಕಲ್ಪಿತ ಅರ್ಜಿಗಳನ್ನು ಕಳಿಸಿದರು. ವಿದ್ಯಾರ್ಹತೆ, ಅನುಭವ ಎಲ್ಲ ಸಮಾನ. ಕೆಲವಕ್ಕೆ ಬಿಳಿಯರಲ್ಲಿ ರೂಢಿಯಲ್ಲಿರುವ ಹೆಸರು, ಕೆಲವಕ್ಕೆ ಕಪ್ಪು ಜನರಲ್ಲಿ ರೂಢಿಯಲ್ಲಿರುವ ಹೆಸರು, ವ್ಯತ್ಯಾಸ ಇಷ್ಟೇ. ಬಿಳಿಯ ಹೆಸರಿನ ಅರ್ಜಿಗಳಿಗೆ ಶೇಕಡಾ 50ರಷ್ಟು ಹೆಚ್ಚು ಕರೆಗಳು ಬಂದವು ಎಂದು 2004ರಲ್ಲಿ ಅವರು ಪ್ರಕಟಿಸಿದರು. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಇದೇ ಬಗೆಯ ಪ್ರಯೋಗವನ್ನು ಭಾರತದ ಖಾಸಗಿ ಕಂಪನಿಗಳ ಮೇಲೆ ಮಾಡಿ 4,808 ಅರ್ಜಿಗಳನ್ನು ಕಳಿಸಿದರು. 2007ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು: ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನವರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡು ಪಾಲು, ಮುಸ್ಲಿಂ ಹೆಸರಿನವರಿಗೆ ಸುಮಾರು ಮೂರನೇ ಒಂದು ಪಾಲು. ಅರ್ಜಿ ತೆರೆದ ಅಧಿಕಾರಿಗಳು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅವರೂ ನಮ್ಮಂತೆಯೇ 'ನಮಗೆ ಎಲ್ಲರೂ ಒಂದೇ' ಎನ್ನುವವರಾಗಿರಬಹುದು. ನಾವು ಮುಖ ನೋಡಿ ಪಾತ್ರ ಹಂಚಿದ ಹಾಗೆ ಅವರು ಹೆಸರು ನೋಡಿ ಕರೆ ಹಂಚಿದರು, ಅಷ್ಟೇ.

ಪರದೇಶದಲ್ಲಿರುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಪಾಸ್‌ಪೋರ್ಟಿನ ಬಣ್ಣ ನೋಡಿ ಮಾತಿನ ಧಾಟಿ ಬದಲಾಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ, ಮನೆಗೆ ಬಂದು ನೊಂದು ಹೇಳಿಕೊಂಡಿದ್ದೇವೆ. ಆದರೆ ಸಿಗ್ನಲ್ಲಿನಲ್ಲಿ ನಮ್ಮ ಕಾರಿನ ಪಕ್ಕ ಬಂದು ನಿಲ್ಲುವ ಕಾರ್ಮಿಕರ ಬಸ್ಸನ್ನು ನೋಡಿ 'ಓದದೇ ಇದ್ದರೆ ನೀನೂ ಹಾಗೇ ಆಗ್ತೀಯ' ಎಂದು ಮಕ್ಕಳಿಗೆ ಹೇಳುವವರೂ ನಾವೇ. ಆ ಬಸ್ಸಿನಲ್ಲಿ ನಮ್ಮದೇ ಜಿಲ್ಲೆಯ, ನಮ್ಮದೇ ಭಾಷೆ ಆಡುವ ಅಣ್ಣತಮ್ಮಂದಿರು ಇರಬಹುದು. ಸಂಬಳದ ಮಿತಿಯಿಂದಾಗಿ ಹೆಂಡತಿ ಮಕ್ಕಳನ್ನು ಇಲ್ಲಿಗೆ ಕರೆತರಲಾಗದೆ, ತಿಂಗಳು ತಿಂಗಳು ಊರಿಗೆ ಹಣ ಕಳಿಸಿ ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ತಂದೆಯರು ಅವರು. ನಮಗೆ ನೋವಾದಾಗ ಅದು ಅನ್ಯಾಯ, ಇನ್ನೊಬ್ಬರಿಗಾದಾಗ ಅದು ಅವರ ಹಣೆಬರಹ ಎನ್ನುವುದು ಸರಿಯೇ?

ಇನ್ನು ಕರ್ನಾಟಕದ ಮಾತು. ಎಣಿಸಿ ನೋಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಸರ್ಕಾರಿ ನೌಕರಿಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ, ಇಲ್ಲದವರಿಗೆ ದಾರಿ ಮಾಡುವುದು ಹೇಗೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಮರುವರ್ಷ ವರದಿ ಬಂತು. ಸ್ವಾತಂತ್ರ್ಯಕ್ಕೆ ಇನ್ನೂ ಸುಮಾರು ಮೂವತ್ತು ವರ್ಷ ಇರುವಾಗಲೇ ನಮ್ಮ ಹಿರಿಯರು ಈ ಪ್ರಶ್ನೆ ಕೇಳಿದ್ದರು! 1972ರಲ್ಲಿ ದೇವರಾಜ ಅರಸರ ಸರ್ಕಾರ ನೇಮಿಸಿದ, ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಆಯೋಗ ಇನ್ನೂ ಮುಂದೆ ಹೋಯಿತು. ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು, ಯಾವ ಸಮುದಾಯದಲ್ಲಿ ಸಾವಿರಕ್ಕೆ ಎಷ್ಟು ಮಕ್ಕಳು ಎಸ್.ಎಸ್.ಎಲ್.ಸಿ. ಪಾಸಾಗಿದ್ದಾರೆ ಎಂದು ಲೆಕ್ಕ ಹಾಕಿತು, 1975ರಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ಮೆಚ್ಚಿದವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ಮೀಸಲಾತಿಯ ಬಗ್ಗೆ ಈ ಶಾಲೆಯ ಪೋಷಕರಲ್ಲೇ ಒಂದೇ ಅಭಿಪ್ರಾಯ ಇಲ್ಲವೆಂದು ನಮಗೆ ಗೊತ್ತು, ಇಲ್ಲಿ ಅದನ್ನು ಇತ್ಯರ್ಥ ಮಾಡಲು ನಾವು ಹೊರಟಿಲ್ಲ. ವಾದ ಮಾಡುವುದಾದರೆ ಅಂಕಿ ಕೈಯಲ್ಲಿ ಹಿಡಿದು ಮಾಡೋಣ, 'ನಮ್ಮ ಪಕ್ಕದ ಮನೆಯವರ ಮಗನಿಗೆ ಸೀಟು ಸಿಗಲಿಲ್ಲ' ಎಂಬ ಒಂದೇ ಉದಾಹರಣೆಯಿಂದ ಬೇಡ ಎಂದಷ್ಟೇ ನಮ್ಮ ಕೋರಿಕೆ.

ಪ್ರಜಾಪ್ರಭುತ್ವಕ್ಕೂ ಈ ಲೆಕ್ಕಕ್ಕೂ ಏನು ನಂಟು ಎಂದರೆ, ಮತ್ತೊಂದು ಸಂಶೋಧನೆಯನ್ನು ಹೇಳಬೇಕು. ಕರ್ನಾಟಕ 1983ರ ಕಾಯಿದೆಯಲ್ಲೇ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ದೇಶದಲ್ಲೆಲ್ಲ ಮೂರನೇ ಒಂದು ಭಾಗ ಎಂದು ಗೊತ್ತುಮಾಡಿತು. 'ಹೆಂಗಸರು ಹೆಸರಿಗೆ ಮಾತ್ರ, ಆಡಳಿತ ಮಾಡುವವರು ಗಂಡಂದಿರು' ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ನಿಜಾಂಶ ತಿಳಿಯುವುದು ಹೇಗೆ? ಪಶ್ಚಿಮ ಬಂಗಾಳದಲ್ಲಿ ಯಾವ ಪಂಚಾಯಿತಿಗೆ ಮಹಿಳೆ ಪ್ರಧಾನರಾಗಬೇಕೆಂಬುದು ಚೀಟಿ ಎತ್ತಿದ ಹಾಗೆ ಸರದಿಯಲ್ಲಿ ಬರುತ್ತಿತ್ತು. ಹಾಗಾಗಿ ಮಹಿಳಾ ಪ್ರಧಾನರಿದ್ದ ಊರು, ಇಲ್ಲದ ಊರು ಎರಡನ್ನೂ ಹೋಲಿಸಿ ನೋಡಬಹುದಿತ್ತು. ಲೋರಿ ಬೀಮನ್, ಎಸ್ತರ್ ಡುಫ್ಲೋ, ರೋಹಿಣಿ ಪಾಂಡೆ, ಪೆಟಿಯಾ ಟೊಪಾಲೋವಾ ಎಂಬ ನಾಲ್ವರು ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ಈ ಹೋಲಿಕೆ ಮಾಡಿದರು. ಇವರಲ್ಲಿ ಡುಫ್ಲೋ 2019ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರು. 2012ರಲ್ಲಿ ಅವರು ಪ್ರಕಟಿಸಿದಂತೆ, ಎರಡು ಅವಧಿಗೆ ಮಹಿಳಾ ಪ್ರಧಾನರನ್ನು ಕಂಡ ಹಳ್ಳಿಗಳಲ್ಲಿ, ಮಗ ಮತ್ತು ಮಗಳ ಬಗ್ಗೆ ತಂದೆತಾಯಿ ಕಾಣುವ ಕನಸಿನ ನಡುವಿನ ಅಂತರ ಶೇಕಡಾ 25ರಷ್ಟು ತಗ್ಗಿತ್ತು. ಹದಿಹರೆಯದ ಮಕ್ಕಳ ಸ್ವಂತ ಕನಸುಗಳಲ್ಲಿ ಆ ಅಂತರ ಶೇಕಡಾ 32ರಷ್ಟು ತಗ್ಗಿತ್ತು. ಓದಿನಲ್ಲಿ ಹುಡುಗ ಹುಡುಗಿಯರ ನಡುವಿದ್ದ ಅಂತರ ಅಳಿಸಿಹೋಗಿತ್ತು.

ಎಂದರೆ ಏನಾಯಿತು? ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ಮಕ್ಕಳು ನೋಡುತ್ತಾರೆ. ರಾಣಿಯ ಪಾತ್ರ ಯಾರಿಗೆ ಸಿಕ್ಕಿತು ಎಂಬುದನ್ನೂ ನೋಡುತ್ತಾರೆ. ನೋಡಿ, ತಮ್ಮ ಕನಸಿನ ಅಳತೆಯನ್ನು ಗೊತ್ತು ಮಾಡಿಕೊಳ್ಳುತ್ತಾರೆ.

ಈ ಲೇಖನದ ಕರಡನ್ನು ಕೆಲವು ಪೋಷಕರಿಗೆ ತೋರಿಸಿದಾಗ ಒಬ್ಬ ತಾಯಿ ಹೇಳಿದರು: "ಮೇಡಂ, ಮಕ್ಕಳು ಇದನ್ನೆಲ್ಲ ಯೋಚಿಸೋದೇ ಇಲ್ಲ. ನಾವೇ ಹೇಳಿ ತಲೆ ಕೆಡಿಸಿದ ಹಾಗಾಗುತ್ತೆ." ಅವರ ಕಾಳಜಿ ನಮಗೆ ಅರ್ಥವಾಗುತ್ತದೆ. ಮಕ್ಕಳ ಮನಸ್ಸು ಬಿಳಿ ಹಾಳೆ, ಅದರ ಮೇಲೆ ಕಹಿ ಬರೆಯುವುದು ಬೇಡ ಎಂಬ ಪ್ರೀತಿ ಅದು. ಆದರೆ ಆ ಗೊಂಬೆಗಳ ಮುಂದೆ ಕುಳಿತಿದ್ದವರು ಮೂರು ವರ್ಷದ ಮಕ್ಕಳು. ಹಾಳೆಯ ಮೇಲೆ ಆಗಲೇ ಬರೆದಾಗಿತ್ತು. ನಾವು ಮಾತಾಡದಿದ್ದರೆ ಬರೆದದ್ದು ಅಳಿಸುವುದಿಲ್ಲ, ಓದುವವರಿಲ್ಲದೆ ಉಳಿಯುತ್ತದೆ ಅಷ್ಟೇ.

ಇನ್ನೊಬ್ಬ ತಂದೆಯ ಮಾತು ಹೆಚ್ಚು ನೇರವಾಗಿತ್ತು: "ಸೋಷಿಯಲ್ ಓದಿ ಯಾರಿಗೆ ಕೆಲಸ ಸಿಕ್ಕಿದೆ?" ಎಂಜಿನಿಯರಿಂಗ್, ಮೆಡಿಕಲ್ ಓದುವ ಆಸೆ ತಪ್ಪಲ್ಲ. ಅದಕ್ಕಾಗಿಯೇ ಅಲ್ಲವೇ ನಾವೆಲ್ಲ ಇಷ್ಟು ದೂರ ಬಂದು ದುಡಿಯುತ್ತಿರುವುದು? ಆದರೆ ನಾಳೆ ಎಂಜಿನಿಯರ್ ಆಗುವ ಮಗು ಅರ್ಜಿಗಳನ್ನು ಆರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಬಹುದು. ಡಾಕ್ಟರ್ ಆಗುವ ಮಗು ಯಾವ ರೋಗಿಯ ನೋವನ್ನು ಮೊದಲು ಕೇಳಬೇಕೆಂದು ನಿರ್ಧರಿಸಬೇಕಾಗಬಹುದು. ತನ್ನ ಕಣ್ಣಿಗೆ ಕಾಣದ್ದೂ ಇರಬಹುದು, ಎಣಿಸಿ ನೋಡಬೇಕು ಎಂಬ ವಿನಯವನ್ನು ಯಾವ ತರಗತಿಯಲ್ಲಿ ಕಲಿಯಬೇಕು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಹಾಗೆಂದು ದೊಡ್ಡ ದೊಡ್ಡ ಸಂಶೋಧನೆಗಳನ್ನು ಮಾಡಿ ಎಂದು ನಾವು ಹೇಳುತ್ತಿಲ್ಲ. ಶಾಲೆಯಲ್ಲೂ ಮನೆಯಲ್ಲೂ ಆಗುವಂಥ ಮೂರು ಸಣ್ಣ ಕೆಲಸಗಳಿವೆ.

ಮೊದಲನೆಯದು ಶಿಕ್ಷಕರಿಗೆ. ಒಂದು ವಾರ, ಒಂದು ತರಗತಿಯಲ್ಲಿ, ನಾವು ಯಾವ ಮಕ್ಕಳಿಗೆ ಪ್ರಶ್ನೆ ಕೇಳುತ್ತೇವೆ ಎಂದು ಹಿಂದಿನ ಬೆಂಚಿನ ಇಬ್ಬರು ವಿದ್ಯಾರ್ಥಿಗಳು ಗೀಟು ಹಾಕಲಿ. ವಾರದ ಕೊನೆಗೆ ಆ ಹಾಳೆಯನ್ನು ನಾವು ನೋಡೋಣ. ನಮ್ಮ ವಿಭಾಗದಲ್ಲಿ ಇದನ್ನು ಮಾಡಿದೆವು. ಮುಂದಿನ ಎರಡು ಸಾಲುಗಳ ಆಚೆಗೆ ನಮ್ಮ ದೃಷ್ಟಿ ಎಷ್ಟು ಕಡಿಮೆ ಹೋಗುತ್ತದೆಂದು ತಿಳಿದು ನಾಚಿಕೆಯಾಯಿತು.

ಎರಡನೆಯದು ವಿದ್ಯಾರ್ಥಿಗಳಿಗೆ. ಸಮಾಜ ವಿಜ್ಞಾನದ ಪ್ರಾಜೆಕ್ಟ್ ಎಂದರೆ ಇಂಟರ್ನೆಟ್ಟಿನಿಂದ ಚಿತ್ರ ತೆಗೆದು ಅಂಟಿಸುವುದಲ್ಲ. ನಿಮ್ಮ ಪಠ್ಯಪುಸ್ತಕದ ಚಿತ್ರಗಳಲ್ಲಿ ಅಡುಗೆ ಮಾಡುತ್ತಿರುವವರು ಯಾರು, ಯಂತ್ರ ನಡೆಸುತ್ತಿರುವವರು ಯಾರು ಎಂದು ಎಣಿಸಿ. ನೀವು ನೋಡುವ ಧಾರಾವಾಹಿಯಲ್ಲಿ ನಾಯಕಿಯ ಬಣ್ಣ ಯಾವುದು, ಕೆಲಸದವಳ ಬಣ್ಣ ಯಾವುದು ಎಂದು ಬರೆದಿಡಿ. ಸಿಕ್ಕಿದ್ದನ್ನು ಸಿಕ್ಕ ಹಾಗೇ ಬರೆಯಿರಿ. ನೀವು ಅಂದುಕೊಂಡದ್ದಕ್ಕೆ ವಿರುದ್ಧವಾಗಿ ಬಂದರೆ ಅದನ್ನೂ ಬರೆಯಿರಿ.

ಮೂರನೆಯದು ಪೋಷಕರಿಗೆ. 2020ರಲ್ಲಿ ಹೆಸರುವಾಸಿ ಕ್ರೀಮೊಂದು ಬಿಳುಪು ಎಂಬ ಅರ್ಥದ ಪದವನ್ನು ತನ್ನ ಹೆಸರಿನಿಂದ ಕೈಬಿಟ್ಟಿತು. ಡಬ್ಬಿಯ ಹೆಸರು ಬದಲಾಯಿತು, ಮನೆಯ ಮಾತು ಬದಲಾಗಬೇಡವೇ? 'ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ' ಎನ್ನುವ ಬದಲು 'ಬಿಸಿಲಲ್ಲಿ ಆಡಬೇಡ, ತಲೆನೋವು ಬರುತ್ತೆ' ಎಂದರೆ ಸಾಲದೇ? ಇಲ್ಲಿನ ಬಿಸಿಲಿಗೆ ಆ ಕಾರಣವೇ ಧಾರಾಳವಾಯಿತು.

ಕೊನೆಯದಾಗಿ ಆ ಹುಡುಗಿಯ ವಿಷಯ. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಇದನ್ನು ಬರೆದಿದ್ದೇವೆ. ಈ ವರ್ಷ ಪಾತ್ರ ಹಂಚುವಾಗ ನಾವು ಮಕ್ಕಳ ಮುಖ ನೋಡಲಿಲ್ಲ. ವೇದಿಕೆಯ ಪರದೆ ಎಳೆದು, ಹಿಂದೆ ನಿಂತು ಒಬ್ಬೊಬ್ಬರಾಗಿ ಸಂಭಾಷಣೆ ಓದಲು ಹೇಳಿದೆವು. ಈಚೆ ಕುಳಿತ ನಮಗೆ ಕೇಳಿದ್ದು ದನಿ, ಉಚ್ಚಾರ, ಭಾವ ಮಾತ್ರ. ಅಂಕ ಹಾಕಿ ಕೂಡಿಸಿದಾಗ ರಾಣಿಯ ಪಾತ್ರವೂ ಸೂತ್ರಧಾರಿಯ ಪಾತ್ರವೂ ಅವಳಿಗೆ ಸಿಗುವಂತಿದ್ದವು. ಯಾವುದು ಬೇಕೋ ಆರಿಸಿಕೋ ಎಂದೆವು. ಸೂತ್ರಧಾರಿ ಎಂದಳು. "ಯಾಕಮ್ಮ, ರಾಣಿ ಬೇಡವಾ?" ಎಂದರೆ, "ರಾಣಿಗೆ ನಾಲ್ಕೇ ಡೈಲಾಗು ಮಿಸ್, ಸೂತ್ರಧಾರಿಗೇ ಜಾಸ್ತಿ ಮಾತು" ಎಂದಳು. ರಾಕ್ಷಸನ ಪಾತ್ರ ಗೆದ್ದವನು ತರಗತಿಯ ಅತ್ಯಂತ ಬೆಳ್ಳಗಿನ ಹುಡುಗ. ಅವನ ಗರ್ಜನೆ ಕೇಳಿ ಒಂದನೇ ತರಗತಿಯ ಮಕ್ಕಳು ನಿಜಕ್ಕೂ ಹೆದರಿದರು.

ಮುಂದಿನ ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುವವರು ಮಕ್ಕಳನ್ನು ಹತ್ತಿರ ಕರೆದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲನ್ನು ತೋರಿಸಿ. ಅಜ್ಜಿಯ ಕಾಲದಿಂದ ಬಂದ ಪಟ್ಟದ ಗೊಂಬೆಗಳು ಅಲ್ಲಿ ಕೂರುತ್ತವೆ. ರಕ್ತಚಂದನದ ಮರದಲ್ಲಿ ಕೆತ್ತಿದ, ವರ್ಷ ಕಳೆದಂತೆ ಇನ್ನಷ್ಟು ಕಪ್ಪೇರಿದ ರಾಜ, ರಾಣಿ. ಅವರಿಗೆ ಯಾರೂ ಪೌಡರ್ ಹಚ್ಚುವುದಿಲ್ಲ. ಎಲ್ಲಕ್ಕಿಂತ ಮೊದಲು ಅವರನ್ನೇ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತುತ್ತೇವೆ. ಆ ಹೊತ್ತಿನಲ್ಲಿ ಮಕ್ಕಳನ್ನೇ ಕೇಳಿ ನೋಡಿ: "ಈ ಗೊಂಬೆಗಳಲ್ಲಿ ನಿನ್ನ ಹಾಗೆ ಇರೋದು ಯಾವುದು?" ಅವರು ಕೊಡುವ ಉತ್ತರವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಿ. ನಮ್ಮ ಮನೆಯ ಸಮಾಜ ವಿಜ್ಞಾನ ಅಲ್ಲಿಂದ ಆರಂಭವಾಗಲಿ.

– ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್., ಭಾಷಾ ವಿಭಾಗದ ಪರವಾಗಿ